ಮಕ್ಕಳಿಗೆ ‘ಇದ್ದ ಹಾಗೇ ಇರು’ ಎನ್ನುವ ಕಥೆ ಬೇಕೆ?

ಮಕ್ಕಳ ಪುಸ್ತಕದ ಅಂಗಡಿಗೆ ಈಗ ಹೋದರೆ ಒಂದು ಬಗೆಯ ಕಥೆ ಕಪಾಟಿನ ತುಂಬ ಸಿಗುತ್ತದೆ. ಒಂದು ಪ್ರಾಣಿ ತನ್ನ ಹಿಂಡಿನ ಉಳಿದವರಂತೆ ಇರುವುದಿಲ್ಲ. ಎಲ್ಲರೂ ನಗುತ್ತಾರೆ. ಅದು ಬೇರೆಯವರಂತಾಗಲು ಹೋಗಿ ಸೋಲುತ್ತದೆ, ಕೊನೆಗೆ ತಾನಿದ್ದ ಹಾಗೇ ಚೆಂದ ಎಂದು ತಿಳಿದು ನೆಮ್ಮದಿಯಾಗುತ್ತದೆ. ಬಾತುಕೋಳಿ, ಗೂಳಿ, ಮೀನು, ಊಸರವಳ್ಳಿ ಎಂದು ಪಾತ್ರ ಬದಲಾಗುತ್ತದೆ, ಕಥೆಯ ನಡೆ ಬದಲಾಗುವುದಿಲ್ಲ. ‘ದೊಡ್ಡವರ ಮಾತು ಕೇಳು’ ಎನ್ನುವ ನೀತಿಕಥೆ ಇಷ್ಟು ಕಾಲ ಕುಳಿತಿದ್ದ ಜಾಗದಲ್ಲಿ ಇದನ್ನು ತಂದು ಕೂರಿಸಬೇಕೆ ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಕಡೆಯ ವಾದವನ್ನು ಅವುಗಳ ಪೂರ್ತಿ ಬಲದೊಂದಿಗೆ ಇಡಲು ಪ್ರಯತ್ನಿಸುತ್ತೇನೆ. ನನ್ನ ಒಲವು ಎರಡನೆಯದರ, ಅಂದರೆ ವಿರೋಧದ, ಕಡೆಗಿದೆ ಎಂಬುದನ್ನು ಮೊದಲೇ ಹೇಳಿಬಿಡುವುದು ಓದುಗರಿಗೆ ಸಲ್ಲಬೇಕಾದ ಮರ್ಯಾದೆ.

ಪರ

ಮಗುವಿಗೆ ಹೀಗಿರು, ಹಾಗಿರು ಎಂದು ಹೇಳುವವರಿಗೆ ಬರವಿಲ್ಲ. ಮನೆ ಹೇಳುತ್ತದೆ, ಶಾಲೆ ಹೇಳುತ್ತದೆ, ಟ್ಯೂಷನ್ ಹೇಳುತ್ತದೆ, ಮದುವೆಮನೆಯಲ್ಲಿ ಸಿಕ್ಕ ದೂರದ ನೆಂಟರೂ ಹೇಳುತ್ತಾರೆ. ಕಥೆಯೂ ಅದೇ ಸಾಲಿಗೆ ಸೇರಿಕೊಂಡರೆ ಮಗುವಿನ ಪರವಾಗಿ ಮಾತಾಡುವವರು ಯಾರು? ರವೀಂದ್ರನಾಥ ಟ್ಯಾಗೋರರು 1918ರಲ್ಲಿ ಬರೆದ ಗಿಳಿಯ ಕಥೆ ಈ ಪ್ರಶ್ನೆಯನ್ನೇ ಕೇಳುತ್ತದೆ. ಹಾಡಿಕೊಂಡು ಕುಣಿದಾಡಿಕೊಂಡಿದ್ದ ಹಕ್ಕಿಗೆ ವಿದ್ಯೆ ಕಲಿಸಬೇಕೆಂದು ರಾಜನಿಗೆ ಅನಿಸುತ್ತದೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ನಕಲು ಮಾಡುವವರು ಬಂದು ಹಾಳೆಗಳನ್ನು ರಾಶಿ ಹಾಕುತ್ತಾರೆ. ಆ ಹಾಳೆಗಳನ್ನು ಹಕ್ಕಿಯ ಬಾಯಿಗೆ ತುರುಕಲಾಗುತ್ತದೆ. ಹಾಡು ನಿಂತಿತು, ಚೀರಾಟವೂ ನಿಂತಿತು, ಶಿಕ್ಷಣ ಪೂರ್ತಿಯಾಯಿತು ಎಂದು ಆಸ್ಥಾನ ಸಂಭ್ರಮಿಸುವ ಹೊತ್ತಿಗೆ ಹಕ್ಕಿ ಸತ್ತಿರುತ್ತದೆ. ರಾಜ ಅದರ ಮೈ ಒತ್ತಿ ನೋಡಿದರೆ ಒಳಗಿನ ಕಾಗದ ಸರಸರ ಎನ್ನುತ್ತದೆ, ಅಷ್ಟೆ. ಬಿ.ವಿ. ಕಾರಂತರು ಇದನ್ನು ‘ಪಂಜರಶಾಲೆ’ ಎಂಬ ಮಕ್ಕಳ ನಾಟಕವಾಗಿ ಕನ್ನಡದ ರಂಗಕ್ಕೆ ತಂದರು. ಅದು ಇಂದಿಗೂ ಹಳತೆನಿಸುವುದಿಲ್ಲ, ಏಕೆಂದರೆ ಪಂಜರದ ಕಾರ್ಖಾನೆ ಇನ್ನೂ ಮುಚ್ಚಿಲ್ಲ. ತನ್ನ ಹಾಡು ತನ್ನದು ಎಂದು ಮಗುವಿಗೆ ಹೇಳುವ ಕಥೆ ಬೇಕು ಎನ್ನುವವರು ಈ ಸಾವನ್ನು ನೆನಪಿಟ್ಟುಕೊಂಡು ಹೇಳುತ್ತಿದ್ದಾರೆ.

ಇಂಥ ಕಥೆಗಳ ಪೈಕಿ ಮನ್ರೋ ಲೀಫ್ ಬರೆದು ರಾಬರ್ಟ್ ಲಾಸನ್ ಚಿತ್ರ ಬರೆದ ಫರ್ಡಿನೆಂಡ್ ಗೂಳಿಯ ಕಥೆಗೆ ದೊಡ್ಡ ಹೆಸರು. ಸ್ಪೇನಿನ ಬಯಲಿನಲ್ಲಿ ಉಳಿದ ಕರುಗಳೆಲ್ಲ ತಲೆ ತಾಗಿಸಿ ಗುದ್ದಾಡುತ್ತಿದ್ದರೆ ಫರ್ಡಿನೆಂಡ್ ಕಾರ್ಕ್ ಮರದ ನೆರಳಲ್ಲಿ ಕೂತು ಹೂವಿನ ವಾಸನೆ ನೋಡುತ್ತಿರುತ್ತಾನೆ. ಅವನ ತಾಯಿಗೆ ಚಿಂತೆ: ಮಗ ಒಂಟಿಯಾಗಿಬಿಟ್ಟನೇ? ಅವಳು ಬಂದು ಕೇಳುತ್ತಾಳೆ. ಅವನಿಗೆ ಹೀಗಿರುವುದೇ ಇಷ್ಟ ಎಂದು ಖಾತ್ರಿಯಾದ ಮೇಲೆ ಅವನ ಪಾಡಿಗೆ ಅವನನ್ನು ಬಿಡುತ್ತಾಳೆ. ಇಡೀ ಪುಸ್ತಕದಲ್ಲಿ ನನಗೆ ತುಂಬ ದೊಡ್ಡದೆನಿಸುವುದು ಈ ಕ್ಷಣ. ಆ ತಾಯಿ ಕೇಳಿ ತಿಳಿದುಕೊಂಡಳು, ತಿಳಿದ ಮೇಲೆ ಅಡ್ಡ ಬರಲಿಲ್ಲ. ಮುಂದೆ ಫರ್ಡಿನೆಂಡ್ ನೋಡದೆ ದುಂಬಿಯ ಮೇಲೆ ಕೂತು, ಅದು ಕುಟುಕಿ, ನೋವಿಗೆ ಹುಚ್ಚೆದ್ದು ಹಾರಾಡುತ್ತಾನೆ. ಗೂಳಿ ಆರಿಸಲು ಬಂದವರು ಇವನೇ ಮಹಾ ಉಗ್ರ ಎಂದುಕೊಂಡು ಮ್ಯಾಡ್ರಿಡ್‌ಗೆ ಒಯ್ಯುತ್ತಾರೆ. ಅಲ್ಲಿ ಅವನು ಕಾಳಗದ ಕಣದ ನಡುವೆ ಕೂತು, ನೋಡಲು ಬಂದ ಹೆಂಗಸರು ಮುಡಿದ ಹೂವಿನ ಕಂಪನ್ನು ಸವಿಯುತ್ತಾನೆ. ಪುಸ್ತಕ ಬಂದದ್ದು 1936ರಲ್ಲಿ, ಸ್ಪೇನಿನ ಅಂತರ್ಯುದ್ಧ ಶುರುವಾದ ವರ್ಷವೇ. ಫ್ರಾಂಕೋ ಆಡಳಿತದಲ್ಲಿ ಅದಕ್ಕೆ ನಿಷೇಧವಿತ್ತು, ನಾಜಿ ಜರ್ಮನಿಗೂ ಅದು ಸಹಿಸಲಾಗದ ಪುಸ್ತಕವಾಗಿತ್ತು. ಎಲ್ಲರೂ ಗುದ್ದಾಡುವಾಗ ಒಬ್ಬ ಸುಮ್ಮನೆ ಕೂತರೆ ಸರ್ವಾಧಿಕಾರಿಗಳಿಗೆ ಕಸಿವಿಸಿ ಆಗುತ್ತದೆ ಎಂದಮೇಲೆ ಇಂಥ ಕಥೆಗೆ ಬಲವಿಲ್ಲ ಎನ್ನುವುದು ಕಷ್ಟ.

ಪರವಾದಕ್ಕೆ ಇನ್ನೊಂದು ಆಧಾರವಿದೆ. ನ್ಯಾನ್ಸಿ ಲಾರಿಕ್ ಎಂಬ ಶಿಕ್ಷಣತಜ್ಞೆ 1965ರಲ್ಲಿ ಅಮೆರಿಕದ ಮಕ್ಕಳ ಪುಸ್ತಕಗಳ ಲೆಕ್ಕ ತೆಗೆದರು. ಮೂರು ವರ್ಷಗಳಲ್ಲಿ ಬಂದ ಐದು ಸಾವಿರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಒಬ್ಬರಾದರೂ ಕರಿಯರು ಕಾಣಿಸಿದ್ದು ಶೇ. 6.7ರಷ್ಟರಲ್ಲಿ ಮಾತ್ರ. ಪುಸ್ತಕದಲ್ಲಿ ತನ್ನಂಥವರು ಎಲ್ಲೂ ಇಲ್ಲದ ಮಗು ತಾನು ಕಥೆಗೆ ತಕ್ಕದ್ದಲ್ಲ ಎಂಬ ಪಾಠವನ್ನು ಯಾರೂ ಹೇಳಿಕೊಡದೆಯೇ ಕಲಿಯುತ್ತದೆ. ನಮ್ಮಲ್ಲೂ ಈ ಕೊರತೆಯನ್ನು ಕಂಡವರಿದ್ದಾರೆ. ಹೈದರಾಬಾದಿನ ಅನ್ವೇಷಿ ಸಂಸ್ಥೆ 2008ರಲ್ಲಿ ದಲಿತ, ಮುಸ್ಲಿಂ ಮತ್ತಿತರ ಅಂಚಿನ ಸಮುದಾಯಗಳ ಮಕ್ಕಳನ್ನೇ ನಡುವೆ ಇಟ್ಟ ಕಥೆಮಾಲೆಯನ್ನು ತೆಲುಗು, ಮಲಯಾಳಂ ಮತ್ತು ಇಂಗ್ಲಿಷಿನಲ್ಲಿ ಹೊರತಂದಿತು. ಹೀಗೆ ಕಲಿಸಿದರೆ ಮಕ್ಕಳು ಸ್ವಾರ್ಥಿಗಳಾಗುವುದಿಲ್ಲವೇ, ತನ್ನಿಚ್ಛೆಯೇ ದೊಡ್ಡದೆನ್ನುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ಪರಪಕ್ಷದ ಉತ್ತರ ನೇರವಾಗಿದೆ: ಅವಮಾನ ಉಂಡು ಬೆಳೆದವರಿಗಿಂತ ನೆಮ್ಮದಿಯಿಂದ ಬೆಳೆದವರು ಇನ್ನೊಬ್ಬರಿಗೆ ಜಾಗ ಬಿಡುವುದು ಸುಲಭ. ಫರ್ಡಿನೆಂಡ್ ಯಾರ ಹುಲ್ಲನ್ನೂ ಕಸಿಯಲಿಲ್ಲ, ಯಾರಿಗೂ ಕೊಂಬು ತಾಗಿಸಲಿಲ್ಲ.

ವಿರೋಧ

ಇಷ್ಟೆಲ್ಲ ಒಪ್ಪಿದ ಮೇಲೂ ಈ ಬಗೆಯ ಕಥೆಗಳ ಮೂಲಮಾದರಿಯನ್ನು, ಅಂದರೆ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ 1843ರಲ್ಲಿ ಪ್ರಕಟಿಸಿದ ಕುರೂಪಿ ಬಾತುಕೋಳಿ ಮರಿಯ ಕಥೆಯನ್ನು, ಕೊನೆಯ ತನಕ ಗಮನವಿಟ್ಟು ಓದಬೇಕು. ಮೊಟ್ಟೆ ದೊಡ್ಡದು, ಒಡೆಯುವುದು ತಡ. ಮರಿಯನ್ನು ಉಳಿದ ಬಾತುಗಳು ಕುಕ್ಕುತ್ತವೆ, ಕಾಳು ಹಾಕುವ ಹುಡುಗಿ ಒದೆಯುತ್ತಾಳೆ, ಮೊದಲು ಅದರ ಪರ ನಿಂತ ತಾಯಿಯೂ ಕೊನೆಗೆ ಇದು ಎಲ್ಲಾದರೂ ದೂರ ಹೋಗಬಾರದೇ ಎನ್ನುತ್ತಾಳೆ. ಮುದುಕಿಯೊಬ್ಬಳ ಗುಡಿಸಲಿನಲ್ಲಿ ಕೋಳಿ ನಿನಗೆ ಮೊಟ್ಟೆ ಇಡಲು ಬರುತ್ತದೆಯೇ ಎಂದು ಕೇಳುತ್ತದೆ, ಬೆಕ್ಕು ಗುರ್‌ಗುಡಲು ಬರುತ್ತದೆಯೇ ಎಂದು ಕೇಳುತ್ತದೆ. ಎರಡೂ ಬಾರದವರಿಗೆ ಅಲ್ಲಿ ಅಭಿಪ್ರಾಯ ಹೇಳುವ ಹಕ್ಕಿಲ್ಲ. ಈ ತನಕ ಕಥೆ ಅಪ್ಪಟ ಸತ್ಯ. ಆದರೆ ಬಿಡುಗಡೆ ಹೇಗಾಗುತ್ತದೆ? ವಸಂತ ಬಂದಾಗ ಮರಿ ನೀರಿನಲ್ಲಿ ತನ್ನ ನೆರಳು ನೋಡಿ ತಾನು ಹಂಸ ಎಂದು ಅರಿಯುತ್ತದೆ. ದಡದ ಮಕ್ಕಳು ಹೊಸದೇ ಎಲ್ಲಕ್ಕಿಂತ ಚೆಲುವಾಗಿದೆ ಎನ್ನುತ್ತಾರೆ, ಹಿರಿಯ ಹಂಸಗಳು ತಲೆಬಾಗುತ್ತವೆ. ರೂಪ ನೋಡಿ ಅಳೆಯುವ ಕ್ರೂರ ಅಳತೆಗೋಲು ಹಾಗೇ ಉಳಿಯಿತು, ಈಗ ಅದು ಈ ಮರಿಯ ಪಾಲಿಗೆ ಲಾಭವಾಯಿತು, ಅಷ್ಟೆ. ಬಾತುಗಳ ಅಂಗಳದಲ್ಲಿ ಏನೂ ಬದಲಾಗಲಿಲ್ಲ. ಅಲ್ಲಿ ಕುಂಟುತ್ತಲೋ ಮಂಕಾಗಿಯೋ ಹುಟ್ಟಿದ ನಿಜವಾದ ಬಾತುಮರಿಯೊಂದು ಇದ್ದರೆ ಅದರ ಗತಿ ಏನು? ಅದರ ಒಳಗೆ ಯಾವ ಹಂಸವೂ ಇಲ್ಲ. ಆ ಮರಿಗೆ ಈ ಕಥೆಯಲ್ಲಿ ಹೇಳುವುದಕ್ಕೆ ಒಂದು ಮಾತೂ ಇಲ್ಲ.

ಇದು ಆಂಡರ್ಸನ್‌ನ ಸ್ವಂತ ಬದುಕಿನ ಕಥೆ, ಬಡವನ ಪ್ರತಿಭೆ ಬೆಳಕಿಗೆ ಬಂದ ಕಥೆ, ಅದನ್ನು ಹೀಗೆ ಕೆದಕಬಾರದು ಎಂಬ ಆಕ್ಷೇಪ ಸಹಜ. ನಾನು ಆ ಬದುಕಿನ ಕಡೆಗೇ ಬೆರಳು ತೋರಿಸುತ್ತೇನೆ. ಓಡೆನ್ಸೆ ಊರಿನ ಚಮ್ಮಾರನ ಮಗ, ಬಟ್ಟೆ ಒಗೆದು ಬದುಕಿದ ತಾಯಿಯ ಮಗ ಅವನು. 1819ರಲ್ಲಿ, 14ನೇ ವಯಸ್ಸಿನಲ್ಲಿ ಕೋಪನ್‌ಹೇಗನ್‌ಗೆ ಹೋದ. ಹಾಡುಗಾರನಾಗಲು ಹೋದರೆ ಕಂಠ ಒಡೆಯಿತು, ನರ್ತಕನಾಗಲು ಹೋದರೆ ಮೈ ಒಗ್ಗಲಿಲ್ಲ. ರಾಯಲ್ ಥಿಯೇಟರಿನ ನಿರ್ದೇಶಕರಲ್ಲಿ ಒಬ್ಬನಾದ ಯೋನಾಸ್ ಕೊಲಿನ್ ಅವನ ಕೈ ಹಿಡಿದ, ರಾಜನ ಖಜಾನೆಯಿಂದ ಓದಿನ ಖರ್ಚಿಗೆ ದಾರಿ ಮಾಡಿಕೊಟ್ಟ. ಸ್ಲಾಗೆಲ್ಸೆಯ ಶಾಲೆಯಲ್ಲಿ 17ರ ಹುಡುಗ ತನಗಿಂತ ಎಷ್ಟೋ ಚಿಕ್ಕ ಮಕ್ಕಳ ಜೊತೆ ಬೆಂಚಿನಲ್ಲಿ ಕೂತು, ಮುಖ್ಯೋಪಾಧ್ಯಾಯನ ಕಟುಮಾತು ನುಂಗಿ ವ್ಯಾಕರಣ ಕಲಿತ. ಅವನನ್ನು ಲೇಖಕನನ್ನಾಗಿ ಮಾಡಿದ್ದರಲ್ಲಿ ಆಶ್ರಯ, ಸರ್ಕಾರದ ಹಣ, ಶಾಲೆ, ಹಟದ ದುಡಿಮೆ ಎಲ್ಲದರ ಪಾಲೂ ಇತ್ತು. ಕಥೆಯಲ್ಲಿ ಇವ್ಯಾವುವೂ ಇಲ್ಲ. ಅಲ್ಲಿ ಮರಿ ಚಳಿಗಾಲ ಕಳೆಯುವುದಷ್ಟನ್ನೇ ಮಾಡುತ್ತದೆ, ಹಂಸತನ ಮೊಟ್ಟೆಯಲ್ಲೇ ಇತ್ತು. ಬಡಮಗುವಿಗೆ ಈ ಕಥೆ ಓದಿ ನಿನ್ನೊಳಗಿನದು ತಾನಾಗಿ ಹೊರಬರುತ್ತದೆ ಎಂದರೆ ಅದಕ್ಕೆ ಶಾಲೆಯೂ ಬೇಡ, ವಿದ್ಯಾರ್ಥಿವೇತನವೂ ಬೇಡ, ನಮ್ಮ ಹೊಣೆಯೂ ಬೇಡ ಎಂದಂತಾಗುತ್ತದೆ.

ಭಾರತದಲ್ಲಿ ಈ ವಾದಕ್ಕೆ ಇನ್ನೂ ಗಾಢವಾದ ಒಂದು ಮಗ್ಗುಲಿದೆ. ಹುಟ್ಟುಗುಣವೇ ನಿಜವಾದ ಗುಣ ಎನ್ನುವ ಕಥೆಗಳು ನಮಗೆ ಹೊಸವಲ್ಲ. ದುರ್ಗಸಿಂಹ 11ನೇ ಶತಮಾನದಲ್ಲೇ ಕನ್ನಡಕ್ಕೆ ತಂದ ಪಂಚತಂತ್ರದ ಪರಂಪರೆಯಲ್ಲಿ ನೀಲಿಯ ಬಾನಿಗೆ ಬಿದ್ದು ಬಣ್ಣ ಬದಲಾದ ನರಿಯ ಕಥೆ ಎಲ್ಲರಿಗೂ ಗೊತ್ತು. ಅದು ಕಾಡಿಗೆ ರಾಜನಾಗುತ್ತದೆ, ಹುಲಿ ಸಿಂಹಗಳು ಸೇವೆಗೆ ನಿಲ್ಲುತ್ತವೆ. ದೂರದಲ್ಲಿ ನರಿಗಳ ಊಳು ಕೇಳಿದಾಗ ತಡೆಯಲಾರದೆ ತಾನೂ ಊಳಿಡುತ್ತದೆ, ಗುಟ್ಟು ಬಯಲಾಗಿ ಸಾಯುತ್ತದೆ. ಮುನಿಯೊಬ್ಬ ಹೆಣ್ಣಾಗಿ ಮಾಡಿ ಸಾಕಿದ ಇಲಿಮರಿಯ ಕಥೆಯೂ ಹೀಗೇ. ಸೂರ್ಯ ಬೇಡ, ಮೋಡ ಬೇಡ, ಗಾಳಿ ಬೇಡ, ಬೆಟ್ಟ ಬೇಡ ಎಂದ ಹುಡುಗಿ ಇಲಿಯನ್ನು ಕಂಡೊಡನೆ ಮೆಚ್ಚಿ ಮತ್ತೆ ಇಲಿಯಾಗುತ್ತಾಳೆ. ಕಥನದ ಚೆಲುವಿನಲ್ಲಿ ಇವೆರಡಕ್ಕೂ ಸಾಟಿ ಕಡಿಮೆ. ಆದರೆ ಮೇಲೇರಲು ಹೊರಟವರನ್ನು ನಿನ್ನ ಹುಟ್ಟು ನಿನ್ನನ್ನು ಬಿಡದು ಎಂದು ಕೆಳಗೇ ಕೂರಿಸಿದ ನಾಡಿನಲ್ಲಿ ಈ ಕಥೆಗಳು ಮುಗ್ಧವಾಗಿ ಉಳಿಯುವುದಿಲ್ಲ. ಕುರೂಪಿ ಮರಿಯ ಕಥೆ ಇವಕ್ಕೆ ವಿರುದ್ಧ ದಿಕ್ಕಿನದು ಎಂದು ನಾವು ಭಾವಿಸಿದ್ದೇವೆ. ಅದರ ತರ್ಕ ಮಾತ್ರ ಇದೇ: ಹಂಸದ ಮೊಟ್ಟೆಯಿಂದ ಹಂಸ, ನರಿಯ ಹೊಟ್ಟೆಯಿಂದ ನರಿ. ಒಂದರಲ್ಲಿ ಹುಟ್ಟು ಕೈ ಹಿಡಿಯುತ್ತದೆ, ಇನ್ನೊಂದರಲ್ಲಿ ಕತ್ತು ಹಿಡಿಯುತ್ತದೆ. ಯಾರ ಮಗು ಎಲ್ಲಿ ಕೂರಬೇಕೆಂದು ಹುಟ್ಟೇ ನಿರ್ಧರಿಸಿದ ಸಮಾಜದಲ್ಲಿ ‘ನೀನು ಹುಟ್ಟಿದಂತೆಯೇ ಇರು’ ಎಂಬ ಮಾತನ್ನು ಪ್ರೀತಿಯಿಂದ ಹೇಳಿದರೂ ಅದಕ್ಕೆ ಹಳೆಯ ಅಪ್ಪಣೆಯ ದನಿ ಬಂದುಬಿಡುತ್ತದೆ.

ಮಕ್ಕಳು ಇಷ್ಟೆಲ್ಲ ಯೋಚಿಸುವುದಿಲ್ಲ, ಅವರಿಗೆ ಪ್ರಾಣಿ ಇಷ್ಟ, ಕಥೆಯ ಸಾರ ತಾನಾಗಿ ಇಳಿಯುತ್ತದೆ ಎಂಬ ಸಮಾಧಾನವೂ ಅಷ್ಟು ಗಟ್ಟಿಯಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವ ಗುಣದ ಕಥೆಯೊಂದನ್ನು ಓದಿ ಹೇಳಿದರು. ಕೆಲವರಿಗೆ ಮನುಷ್ಯ ಪಾತ್ರಗಳೊಂದಿಗೆ, ಕೆಲವರಿಗೆ ಅದನ್ನೇ ಪ್ರಾಣಿಪಾತ್ರಗಳೊಂದಿಗೆ. ಓದಿಗೆ ಮುಂಚೆ, ಆಮೇಲೆ ತಮ್ಮ ಪಾಲಿನ ಸ್ಟಿಕ್ಕರುಗಳಲ್ಲಿ ಎಷ್ಟನ್ನು ಇನ್ನೊಬ್ಬರಿಗೆ ಬಿಟ್ಟುಕೊಡುತ್ತಾರೆ ಎಂದು ನೋಡಿದಾಗ, ಮನುಷ್ಯರ ಕಥೆ ಕೇಳಿದವರು ಹೆಚ್ಚು ಕೊಟ್ಟರು, ಪ್ರಾಣಿಗಳ ಕಥೆ ಕೇಳಿದವರಲ್ಲಿ ಆ ಹೆಚ್ಚಳ ಕಾಣಲಿಲ್ಲ. ಒಂದು ಅಧ್ಯಯನದ ಮೇಲೆ ಮಹಲು ಕಟ್ಟಬಾರದು, ಅದು ಹಂಚಿಕೆಯ ಕುರಿತದ್ದೂ ಹೌದು. ಆದರೂ ಗೂಳಿ ಮತ್ತು ಊಸರವಳ್ಳಿಯ ಮೂಲಕ ಆತ್ಮವಿಶ್ವಾಸ ಕಲಿಸಿಬಿಡುತ್ತೇವೆ ಎಂಬ ದೊಡ್ಡವರ ಭರವಸೆಯನ್ನು ಸ್ವಲ್ಪ ತಗ್ಗಿಸಿಕೊಳ್ಳಲು ಅದು ಸಾಕು.

ಹಾಗಾದರೆ ಮಕ್ಕಳಿಗೆ ಮತ್ತೆ ಹಳೆಯ ವಿಧೇಯತೆಯ ಪಾಠವೇ ಗತಿಯೇ ಎಂದು ಪರಪಕ್ಷ ಕೇಳಬಹುದು. ಗಿಳಿಯ ಸಾವನ್ನು ಮರೆತವರು ಮಾತ್ರ ಹೌದು ಎಂದಾರು. ನನ್ನ ತಕರಾರು ‘ತಾನು’ ಎಂಬುದು ಒಳಗೆ ಮೊದಲೇ ಸಿದ್ಧವಾಗಿ ಕೂತಿದೆ, ಹುಡುಕಿ ತೆಗೆದರಾಯಿತು ಎನ್ನುವ ಕಥೆಯ ಮೇಲೆ. ತಾನು ಏನೆಂಬುದು ಇನ್ನೊಬ್ಬರ ಎದುರು ಏನು ಮಾಡಿದೆ ಎಂಬುದರಿಂದ ರೂಪುಗೊಳ್ಳುವ ಕಥೆಗಳೂ ಇವೆ. ಲಿಯೋ ಲಿಯೊನಿಯ ‘ಸ್ವಿಮ್ಮಿ’ (1963) ಅಂಥದ್ದು. ಕೆಂಪು ಮೀನುಗಳ ನಡುವೆ ಕಪ್ಪಾಗಿ ಹುಟ್ಟಿದ ಪುಟ್ಟ ಮೀನು ದೊಡ್ಡ ಮೀನಿನ ಬಾಯಿಂದ ಒಂದೇ ತಪ್ಪಿಸಿಕೊಳ್ಳುತ್ತದೆ, ಒಂಟಿಯಾಗಿ ಕಡಲು ತಿರುಗುತ್ತದೆ. ಹೆದರಿ ಅಡಗಿದ ಇನ್ನೊಂದು ಕೆಂಪು ಹಿಂಡಿಗೆ, ಎಲ್ಲರೂ ಒಟ್ಟಾಗಿ ಒಂದು ಭಾರೀ ಮೀನಿನ ಆಕಾರದಲ್ಲಿ ಈಜಲು ಕಲಿಸುತ್ತದೆ. ಆ ಆಕಾರಕ್ಕೆ ಕಣ್ಣಾಗುವುದು ಈ ಕಪ್ಪು ಮೀನು. ಬಣ್ಣ ಹುಟ್ಟಿನಿಂದ ಬಂದದ್ದು ನಿಜ, ಅದಕ್ಕೆ ಅರ್ಥ ಬಂದದ್ದು ಮಾತ್ರ ಅದು ಯೋಚಿಸಿದ ಉಪಾಯದಿಂದ ಮತ್ತು ಉಳಿದವುಗಳು ಜೊತೆಗೂಡಿದ್ದರಿಂದ.

ಹಸಿದ ಹುಲಿಗೆ ಸಿಕ್ಕ ಹಸು ಪುಣ್ಯಕೋಟಿ, ಕರುವಿಗೆ ಹಾಲೂಡಿಸಿ ಬರುತ್ತೇನೆಂದು ಮಾತು ಕೊಟ್ಟು ಹೋಗಿ ಮರಳುವ ನಮ್ಮ ಗೋವಿನ ಹಾಡು ಇದಕ್ಕಿಂತ ಮುಂದೆ ಹೋಗುತ್ತದೆ. ಅದನ್ನು ಹಸುವಿನ ಸತ್ಯನಿಷ್ಠೆಯ ಪಾಠವೆಂದು ಓದಿ ಮುಗಿಸುತ್ತೇವೆ. ಆ ಓದಿನ ಬಗ್ಗೆ ಇಂದು ಎದ್ದಿರುವ ಪ್ರಶ್ನೆಯೂ ನ್ಯಾಯವಾದದ್ದೇ: ಕೊಲ್ಲಲು ಬಂದವನಿಗೆ ಕೊಟ್ಟ ಮಾತಿಗಾಗಿ ಎಳೆಗರುವಿನ ತಾಯಿ ಏಕೆ ಸಾಯಬೇಕು? ಆದರೆ ಹುಲಿಯ ಕಡೆಗೆ ತಿರುಗಿ ನೋಡಿ. ಹಸಿದ ಹುಲಿಗೆ ಹಸುವನ್ನು ತಿನ್ನುವುದೇ ಹುಟ್ಟುಗುಣ, ಅದಕ್ಕೆ ತಕ್ಕಂತೆ ನಡೆದಿದ್ದರೆ ಯಾರೂ ದೂರುತ್ತಿರಲಿಲ್ಲ. ಮಾತು ಉಳಿಸಿಕೊಂಡು ಮರಳಿ ಬಂದು ನಿಂತ ಪುಣ್ಯಕೋಟಿಯನ್ನು ಕಂಡು ಅರ್ಬುತ ಎಂಬ ಆ ಹುಲಿ ಅವಳನ್ನು ಒಡಹುಟ್ಟಿದವಳಂತೆ ಎಣಿಸುತ್ತದೆ, ತಿನ್ನಲಾರೆ ಎನ್ನುತ್ತದೆ. ನೀಲಿ ನರಿಯ ಕಥೆಯಲ್ಲಿ ಗೆದ್ದ ಹುಟ್ಟುಗುಣ ಇಲ್ಲಿ ಸೋಲುತ್ತದೆ. ಆ ಸೋಲಿನ ಬೆಲೆಯಾಗಿ ಹುಲಿ ಪ್ರಾಣ ಬಿಡುತ್ತದೆ ಎಂಬುದನ್ನೂ ಹಾಡು ಮುಚ್ಚಿಡುವುದಿಲ್ಲ. ಹುಲಿ ಆ ಹೊತ್ತಿನಲ್ಲಿ ತನಗೆ ತಾನು ಮೋಸ ಮಾಡಿಕೊಂಡಿತೇ, ಇಲ್ಲ ಮೊದಲ ಸಲ ತಾನಾಯಿತೇ ಎಂದು ತರಗತಿಯಲ್ಲಿ ಕೇಳಿದರೆ ಎಂಟು ವರ್ಷದ ಮಕ್ಕಳೂ ಜಗಳವಾಡಿ ಉತ್ತರ ಹುಡುಕಬಲ್ಲರು. ಕುರೂಪಿ ಮರಿಯ ಪುಸ್ತಕವನ್ನು ಕಪಾಟಿನಿಂದ ತೆಗೆಯಬೇಕೆಂದು ನಾನು ಹೇಳುವುದಿಲ್ಲ. ಅದನ್ನು ಓದಿ ಮುಗಿಸಿದ ಮೇಷ್ಟರು, ತಾಯಂದಿರು ಅಂಗಳದಲ್ಲಿ ಉಳಿದ ಬಾತುಗಳ ಬಗ್ಗೆ ಒಂದು ಪ್ರಶ್ನೆ ಕೇಳಲಿ, ಆ ಮರಿ ಬಾತುಕೋಳಿಯಾಗಿಯೇ ಬೆಳೆದಿದ್ದರೆ ಅವು ಹೇಗೆ ನಡೆದುಕೊಳ್ಳಬೇಕಿತ್ತು ಎಂದು ಮಕ್ಕಳಿಂದಲೇ ಹೇಳಿಸಲಿ.