ಪೆಟ್ರೋಲಿಗೆ ಬಾಯಿ ಹಚ್ಚಬೇಡಿ, ತಳದ ಸ್ಕ್ರೂ ಬಿಚ್ಚಿ

ಅಕ್ಟೋಬರ್ ಚಾಟ್ನಿ, ಅಂದರೆ ಟೊಂಗೆ ಸವರುವ ಕೆಲಸ, ಮುಗಿದು ದ್ರಾಕ್ಷಿ ಚಿಗುರು ಬಿಡುವ ಹೊತ್ತಿಗೆ ವಿಜಯಪುರದ ಸೊಲ್ಲಾಪುರ ರಸ್ತೆಯ ಗ್ಯಾರೇಜುಗಳ ಮುಂದೆ ಬರೀ ಬೈಕುಗಳು ನಿಂತಿರುವುದಿಲ್ಲ. ತಿಕೋಟಾ, ಬಬಲೇಶ್ವರ ಕಡೆಯ ತೋಟಗಳಿಂದ ಟಂಟಂನಲ್ಲಿ ಹೇರಿ ತಂದ ಎಣ್ಣೆ ಹೊಡೆಯುವ ಪೆಟ್ರೋಲ್ ಪಂಪು, ಕಳೆ ಕೊಯ್ಯುವ ಮಷೀನು, ಗೊಬ್ಬರದ ಚೀಲ ಹೊತ್ತು ಹೊತ್ತು ಬಣ್ಣಗೆಟ್ಟ ಎಕ್ಸೆಲ್ ಗಾಡಿ, ಎಲ್ಲವೂ ಸಾಲಾಗಿ ಕುಂತಿರುತ್ತವೆ. ತಂದವರ ಮಾತೂ ಒಂದೇ: “ಎಷ್ಟ್ ಕಿಕ್ ಹೊಡದ್ರೂ ಚಾಲೂ ಆಗವಲ್ತ್ರೀ.”

ಹೊರದೇಶಗಳಲ್ಲಿ ಹೊಲ, ಗುಡ್ಡ ಸುತ್ತಲು ನಾಲ್ಕು ದಪ್ಪ ಗಾಲಿಯ ಎಟಿವಿ ಇಟ್ಟುಕೊಳ್ಳುತ್ತಾರಂತೆ. ನಮ್ಮ ಎರೆ ಹೊಲದ ಕೆಸರಿಗೂ ಮಡ್ಡಿಯ ಕಲ್ಲಿಗೂ ಆ ಕೆಲಸವನ್ನು ಟಿವಿಎಸ್ ಎಕ್ಸೆಲ್ಲೇ ಮಾಡುತ್ತಿದೆ. ಹಳೆಯ ಎಟಿವಿಯ ಕಾಯಿಲೆಯೂ ಹಳೆಯ ಎಕ್ಸೆಲ್ಲಿನ ಕಾಯಿಲೆಯೂ ಹೆಚ್ಚಾಗಿ ಒಂದೇ, ಕಾರ್ಬೋರೇಟರ್. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಹೆಚ್ಚಿನವು ಫ್ಯುಯೆಲ್ ಇಂಜೆಕ್ಷನ್‌ಗೆ ಹೋದವು, ನಿಜ. ಆದರೆ ಅದಕ್ಕಿಂತ ಹಿಂದಿನ ಗಾಡಿಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿವೆ. ತೋಟದ ಸಣ್ಣ ಎಂಜಿನ್ನುಗಳಂತೂ ಇವತ್ತಿಗೂ ಕಾರ್ಬೋರೇಟರ್ ಮೇಲೆಯೇ ನಿಂತಿವೆ. ಇಂಥದ್ದೊಂದು ಯಂತ್ರ ಮನೆಯಲ್ಲಿರುವ ಎಲ್ಲರಲ್ಲಿ ನನ್ನದೊಂದು ವಿನಂತಿ ಇದೆ. ಎಂಜಿನ್ ಸುಟ್ಟಿತು, ಪಿಸ್ಟನ್ ಹೋಯಿತು ಎಂದು ಗಾಬರಿಯಾಗುವ ಮೊದಲು ಕಾರ್ಬೋರೇಟರಿನ ತಳದಲ್ಲಿರುವ ಸಣ್ಣ ಸ್ಕ್ರೂ ಒಂದನ್ನು ಸಡಿಲಿಸಿ ನೋಡಿ.

ಕಾರ್ಬೋರೇಟರಿನ ಕೆಳಭಾಗ ಒಂದು ಪುಟ್ಟ ಬಟ್ಟಲು. ಟ್ಯಾಂಕಿನಿಂದ ಬಂದ ಪೆಟ್ರೋಲ್ ಎಂಜಿನ್ನಿಗೆ ಹೋಗುವ ಮೊದಲು ಅಲ್ಲಿ ತಂಗುತ್ತದೆ. ಅದರೊಳಗೆ ಫ್ಲೋಟ್ ತೇಲುತ್ತಿರುತ್ತದೆ. ಬಟ್ಟಲು ತುಂಬಿದೊಡನೆ ಮೇಲೆದ್ದು ಸೂಜಿಯನ್ನು ಒತ್ತಿ ದಾರಿ ಮುಚ್ಚುತ್ತದೆ. ಬಟ್ಟಲಿನಿಂದ ಎಂಜಿನ್ನಿನ ಕಡೆಗೆ ಎರಡು ಹಿತ್ತಾಳೆ ಜೆಟ್ಟುಗಳು. ಅವುಗಳಲ್ಲಿ ಪೈಲಟ್ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ಎರೆ ಮಣ್ಣಿನ ಒಂದು ಕಣ, ಟ್ಯಾಂಕಿನ ತುಕ್ಕಿನ ಒಂದು ಚೂರು, ಒಂದು ಹನಿ ನೀರು ಸಾಕು, ಗಾಡಿ ನಿಂತಲ್ಲೇ ನಿಲ್ಲುತ್ತದೆ. ತಿಂಗಳುಗಟ್ಟಲೆ ಮೂಲೆಯಲ್ಲಿಟ್ಟ ಪಂಪಿನಲ್ಲಿ ಪೆಟ್ರೋಲ್ ಹಾರಿಹೋಗಿ ತಳದಲ್ಲಿ ಬೆಲ್ಲದ ಪಾಕದಂಥ ಅಂಟು ಉಳಿಯುತ್ತದೆ. ಆಯಿಲ್ ಬೆರೆಸಿ ಹಾಕುವ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಈ ಅಂಟು ಇನ್ನೂ ಜಾಸ್ತಿ.

ಬಿಚ್ಚುವ ಕ್ರಮ ಇಷ್ಟೆ. ಎಂಜಿನ್ ಪೂರ್ತಿ ಆರಿರಲಿ. ಗಾಡಿ ಬಯಲಿನಲ್ಲಿರಲಿ, ಸುತ್ತ ಒಲೆ, ಬೀಡಿ, ವೆಲ್ಡಿಂಗ್ ಯಾವುದೂ ಬೇಡ. ಕಾಕ್ ಬಂದ್ ಮಾಡಿ, ಬಟ್ಟಲಿನ ಸ್ಕ್ರೂ ಕೆಳಗೆ ಸಣ್ಣ ಗಾಜಿನ ಶೀಶೆ ಹಿಡಿದು ಒಂದೆರಡು ಸುತ್ತು ಸಡಿಲಿಸಿ. ಇಳಿದುಬಂದ ಪೆಟ್ರೋಲನ್ನು ಹತ್ತು ನಿಮಿಷ ಅಲುಗಾಡಿಸದೆ ಇಟ್ಟು ಬೆಳಕಿಗೆ ಹಿಡಿದರೆ ಕಾಯಿಲೆ ಏನೆಂದು ಅದೇ ಹೇಳುತ್ತದೆ. ತಳದಲ್ಲಿ ಬೇರೆ ಪದರ ನಿಂತಿದ್ದರೆ ನೀರು. ಕೆಂಪು ಪುಡಿ ಕಂಡರೆ ಟ್ಯಾಂಕಿನ ತುಕ್ಕು. ಬಣ್ಣ ಗಾಢವಾಗಿ, ಹುಳಿ ವಾಸನೆ ಹೊಡೆದರೆ ಹಳಸಿದ ಪೆಟ್ರೋಲ್. ಏನೂ ಬರದೇ ಹೋದರೆ ದೋಷ ಹೆಚ್ಚಾಗಿ ಕಾರ್ಬೋರೇಟರಿನಿಂದ ಮೇಲೆ, ಕಾಕ್, ಫಿಲ್ಟರ್ ಅಥವಾ ಪೈಪಿನಲ್ಲಿದೆ. ಬೆನ್ನಿಗೆ ಹಾಕುವ ಕೆಲವು ಪಂಪು, ಕಳೆ ಮಷೀನುಗಳ ಡಯಾಫ್ರಾಮ್ ಕಾರ್ಬೋರೇಟರಿಗೆ ಈ ಬಟ್ಟಲೇ ಇರುವುದಿಲ್ಲ. ಅವನ್ನು ಎತ್ತಿಡುವ ಮುನ್ನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುವುದೇ ಸರಿಯಾದ ದಾರಿ.

ಗಾಡಿ ತಾನೇ ಕೊಡುವ ಸುಳಿವುಗಳೂ ಉಂಟು. ಚೋಕ್ ಎಳೆದರೆ ಮಾತ್ರ ಓಡುತ್ತದೆ, ಬಿಟ್ಟರೆ ಆರುತ್ತದೆ ಎಂದಾದರೆ ಪೈಲಟ್ ಜೆಟ್ಟಿಗೆ ಕಚರಾ ಬಂದಿದೆ. ನಿಂತಲ್ಲಿ ಚೆನ್ನಾಗಿದ್ದು ರೇಸ್ ಕೊಟ್ಟೊಡನೆ ಮುಗ್ಗರಿಸಿದರೆ ಮೇನ್ ಜೆಟ್ ನೋಡಿ. ಕಾರ್ಬೋರೇಟರಿನ ಓವರ್‌ಫ್ಲೋ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕುತ್ತಿದ್ದರೆ ಸೂಜಿ ಕೂರುವ ಜಾಗದಲ್ಲಿ ಕಸ, ಇಲ್ಲವೇ ಫ್ಲೋಟ್ ತೂತು. ಇನ್ನೊಂದು ಬಹಳ ಜನರನ್ನು ಮೋಸಗೊಳಿಸುವ ಕಾಯಿಲೆ. ವಿಜಯಪುರದಿಂದ ಚೆನ್ನಾಗಿ ಹೊರಟ ಗಾಡಿ ಹೊರ್ತಿಗೋ ಝಳಕಿಗೋ ಬರುವಷ್ಟರಲ್ಲಿ ಬಂದ್ ಬೀಳುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ. ಜನ “ಎಂಜಿನ್ ಹೀಟ್ ಆತು” ಅನ್ನುತ್ತಾರೆ. ಟ್ಯಾಂಕಿನ ಮುಚ್ಚಳ ತೆಗೆದೊಡನೆ ಒಳಗೆ ಗಾಳಿ ಸುಯ್ ಎಂದು ನುಗ್ಗಿದರೆ ಮುಚ್ಚಳದ ಗಾಳಿ ತೂತು ಧೂಳಿನಿಂದ ಮುಚ್ಚಿದೆ ಎಂದರ್ಥ. ಅದನ್ನು ಸ್ವಚ್ಛ ಮಾಡಿದರಾಯಿತು, ಖರ್ಚೇ ಇಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ದೂರು, “ಪೆಟ್ರೋಲೇ ಸುದ್ದ ಇಲ್ಲ.” ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದರು, ಎರಡೇ ವರ್ಷದಲ್ಲಿ ಅದು ದೇಶದ ಬಂಕುಗಳಿಗೆಲ್ಲ ಬಂತು. ಎಥೆನಾಲ್ ಬರುವುದು ಹೆಚ್ಚಾಗಿ ಕಬ್ಬು ಮತ್ತು ಧಾನ್ಯದಿಂದ. ಕೃಷ್ಣಾ, ಭೀಮಾ ದಂಡೆಯಲ್ಲಿ ಕಬ್ಬು ಬೆಳೆಯುವ ನಾವು ಅದನ್ನು ಬೈದರೆ ನಮ್ಮ ಬೆಳೆಯನ್ನೇ ಬೈದಂತೆ! ಆದರೂ ಅದರ ಗುಣ ತಿಳಿದಿರಬೇಕು. ಲೀಟರಿಗೆ ಲೀಟರ್ ಲೆಕ್ಕದಲ್ಲಿ ಎಥೆನಾಲಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಅವರೇಜ್ ಒಂದಿಷ್ಟು ಇಳಿಯುತ್ತದೆ. ಇಂಜೆಕ್ಷನ್ ಗಾಡಿ ಪೆಟ್ರೋಲಿನ ಪ್ರಮಾಣವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬೋರೇಟರಿಗೆ ಆ ಬುದ್ಧಿ ಇಲ್ಲ, ಅದರ ಜೆಟ್ಟಿನ ಅಳತೆ ಒಂದೇ. ಎಂಜಿನ್ನಿಗೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆ ಬಿದ್ದಂತಾಗುತ್ತದೆ. ಪ್ಲಗ್ ತೆಗೆದಾಗ ತುದಿ ಬೆಳ್ಳಗೆ ಸುಟ್ಟಂತಿದ್ದರೆ ಒಳ್ಳೆಯ ಮಿಸ್ತ್ರಿ ಕೈಯಲ್ಲಿ ಟ್ಯೂನಿಂಗ್ ಮಾಡಿಸಿ. ಜೆಟ್ ಸಣ್ಣದಾಯಿತು ಅನ್ನಿಸಿದರೆ ಅವನೇ ಒಂದು ಅಳತೆ ದೊಡ್ಡದು ಹಾಕುತ್ತಾನೆ. ನೀವು ಮಾತ್ರ ತಂತಿ ಚುಚ್ಚಿ ತೂತು ದೊಡ್ಡದು ಮಾಡಲು ಹೋಗಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ಒಮ್ಮೆ ಕೆರೆದರೆ ಆ ಜೆಟ್ ಕೆಲಸಕ್ಕೆ ಬಾರದು.

ನೀರಿನ ಸೆಳೆತ ಎಥೆನಾಲಿನ ಇನ್ನೊಂದು ಗುಣ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ತಿಂಗಳುಗಟ್ಟಲೆ ನಿಂತರೆ ತೇವ ಹೀರಿಕೊಳ್ಳುತ್ತದೆ. ಮಿತಿ ಮೀರಿದಾಗ ನೀರೂ ಎಥೆನಾಲೂ ಒಟ್ಟಿಗೆ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಮೊದಲು ಹೋಗುವುದು ಆ ತಳದ್ದೇ. ಹಳೆಯ ರಬ್ಬರ್ ಪೈಪು, ಓ-ರಿಂಗುಗಳು ಎಥೆನಾಲಿನಿಂದ ಉಬ್ಬುತ್ತವೆ, ಬಿರಿಯುತ್ತವೆ. ವರ್ಷಕ್ಕೊಮ್ಮೆ ಬೆರಳಿನಿಂದ ಒತ್ತಿ ನೋಡಿ. ಬಂಕಿನ ಮೇಲೆ ಅನುಮಾನ ಬಂದರೆ ಜಗಳ ಬೇಡ, ಫಿಲ್ಟರ್ ಪೇಪರ್ ಕೇಳಿ. ಅದನ್ನು ಕೇಳುವುದು ಗ್ರಾಹಕರ ಹಕ್ಕು. ನಾಝಲಿನಿಂದ ಒಂದು ಹನಿ ಬಿಟ್ಟರೆ ಒಳ್ಳೆಯ ಪೆಟ್ರೋಲ್ ಕಲೆ ಉಳಿಸದೆ ಆರಿಹೋಗುತ್ತದೆ.

ಇಷ್ಟು ಬರೆಯಲು ನಿಜವಾದ ಕಾರಣ ಬೇರೆ. ಪೆಟ್ರೋಲ್ ಬರುತ್ತಿಲ್ಲವೆಂದರೆ ನಮ್ಮಲ್ಲಿ ಪೈಪು ಬಾಯಿಗೆ ಹೋಗುತ್ತದೆ. ದೊಡ್ಡವರು ಎಳೆಯುತ್ತಾರೆ, ಇಲ್ಲವೇ ಪಕ್ಕದಲ್ಲಿ ನಿಂತ ಹುಡುಗನಿಗೆ “ಏ ತಮ್ಮಾ, ಸ್ವಲ್ಪ ಎಳಿ” ಅನ್ನುತ್ತಾರೆ. ಪೆಟ್ರೋಲ್ ನೀರಿಗಿಂತ ತೆಳು. ನುಂಗುವಾಗ, ಕೆಮ್ಮುವಾಗ ಒಂದಿಷ್ಟು ಶ್ವಾಸಕೋಶಕ್ಕೆ ಜಾರಿದರೂ ಅಲ್ಲಿ ಉರಿಯೂತ ಎದ್ದು ಉಸಿರಾಟವೇ ಕಟ್ಟಬಹುದು. ಮೊದಲ ತಾಸಿನಲ್ಲಿ ಹುಡುಗ ಚೆನ್ನಾಗಿಯೇ ಕಾಣಿಸಿ ಆಮೇಲೆ ಜ್ವರ, ಕೆಮ್ಮು, ಏದುಸಿರು ಶುರುವಾಗಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು ನಮ್ಮ ಹಳೆಯ ರೂಢಿ. ದಯವಿಟ್ಟು ಅದನ್ನು ಮಾಡಬೇಡಿ. ವಾಂತಿಯಾದರೆ ಪೆಟ್ರೋಲ್ ಎರಡನೇ ಸಲ ಗಂಟಲಿಗೆ ಬಂದು ಮತ್ತೆ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಪೆಟ್ರೋಲ್ ಬಿದ್ದ ಬಟ್ಟೆ ತೆಗೆಸಿ, 108ಕ್ಕೆ ಫೋನ್ ಮಾಡಿ, ನೇರವಾಗಿ ಆಸ್ಪತ್ರೆಗೆ ಒಯ್ಯಿರಿ. ಇದೇ ಸೊಲ್ಲಾಪುರ ರಸ್ತೆಯಲ್ಲೇ ಬಿಎಲ್‌ಡಿಇಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಕಾರ್ಬೋರೇಟರಿನ ಬಾಯಿಗೆ ಪೆಟ್ರೋಲ್ ಸುರಿದು ಕಿಕ್ ಹೊಡೆಯುವುದೂ ಇಷ್ಟೇ ಅಪಾಯದ ಚಟ. ಎಂಜಿನ್ ಒಮ್ಮೆ ಹಿಂದಕ್ಕೆ ಸಿಡಿದರೆ ಬೆಂಕಿ ಬರುವುದು ಬಗ್ಗಿ ನೋಡುತ್ತಿರುವವನ ಮುಖಕ್ಕೆ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಪಿಕಪ್ ಬರಲೆಂದು ಏರ್ ಫಿಲ್ಟರ್ ಕಿತ್ತುಹಾಕುವವರಿಗೆ ಒಂದೇ ಮಾತು: ನಮ್ಮ ತೋಟದ ದಾರಿಯ ಧೂಳು ಒಂದು ಹಂಗಾಮಿನಲ್ಲೇ ಪಿಸ್ಟನ್ ರಿಂಗುಗಳನ್ನು ತಿಂದುಹಾಕುತ್ತದೆ.

ಹಳ್ಳಿಯ ಅಂಗಡಿಕಾರರಲ್ಲೂ ಕೇಳಿಕೊಳ್ಳುತ್ತೇನೆ. ಬಿಸ್ಲೇರಿ ಬಾಟಲಿಯಲ್ಲಿ ಪೆಟ್ರೋಲ್ ತುಂಬಿ ಮಾರಬೇಡಿ. ತೋಟದ ಮನೆಯಲ್ಲಿ ಅಂಥ ಬಾಟಲಿ ನೀರಿನ ಬಾಟಲಿಯ ಪಕ್ಕದಲ್ಲೇ ನಿಂತಿರುತ್ತದೆ. ಬಿಸಿಲಲ್ಲಿ ಆಡಿ ಬಂದ ಮಗುವಿಗೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ತಂದವರು ಗಟ್ಟಿ ಮುಚ್ಚಳದ ಕ್ಯಾನಿನಲ್ಲಿ, ಮಕ್ಕಳ ಕೈಗೆ ನಿಲುಕದ ಕಡೆ ಇಡಿ.

ಸೊಲ್ಲಾಪುರ ರಸ್ತೆಯ ಮಿಸ್ತ್ರಿಗಳೇ, ನಿಮ್ಮ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ಎಂಜಿನ್ನಿನ ಸದ್ದು ಕೇಳಿಯೇ ಕಾಯಿಲೆ ಹೇಳುವವರು ನೀವು. ಬಟ್ಟಲು ಬಿಚ್ಚುವಾಗ ಗಿರಾಕಿಯನ್ನು ಹತ್ತಿರ ಕರೆದು ಒಳಗಿನ ಕಸ ತೋರಿಸಿ, ಸ್ಕ್ರೂ ಎಲ್ಲಿದೆ ಎಂದು ಅವನ ಬೆರಳಿನಿಂದಲೇ ಮುಟ್ಟಿಸಿ. ಪೆಟ್ರೋಲ್ ಎಳೆಯಲು ಕೈಯಿಂದ ಒತ್ತುವ ರಬ್ಬರ್ ಪಂಪು ಒಂದು ಗ್ಯಾರೇಜಿನಲ್ಲಿ ನೇತುಹಾಕಿ. ಅದಕ್ಕೆ ದುಡ್ಡು ಬಹಳ ಆಗುವುದಿಲ್ಲ. ಕೆಲಸ ಕಲಿಯಲು ಬಂದ ಹುಡುಗ ಪೈಪಿಗೆ ಬಾಯಿ ಹಚ್ಚಿದ್ದನ್ನು ಕಂಡರೆ ಆ ಕ್ಷಣವೇ ಬಿಡಿಸಿ. ತೊಳೆದು ಉಳಿದ ಪೆಟ್ರೋಲನ್ನು ಗಟಾರಕ್ಕೆ ಚೆಲ್ಲದೆ ಡಬ್ಬಿಯಲ್ಲಿ ಮುಚ್ಚಿಡಿ. ಬೀಡಿ ಸೇದುವವರು ನಿಂತುಕೊಳ್ಳುವುದು ಅದೇ ಗಟಾರದ ಕಟ್ಟೆಯ ಮೇಲೆ.