ಸಾಕಿದ ಮೀನನ್ನು ಹೊಳೆಗೆ ಬಿಡಬೇಡಿ

ಮನೆಯಲ್ಲಿ ಅಕ್ವೇರಿಯಂ ಇಟ್ಟಿರುವ ಎಲ್ಲರಲ್ಲಿ ಒಂದು ವಿನಂತಿ



ನಿಮ್ಮ ಗಾಜಿನ ತೊಟ್ಟಿಯಲ್ಲಿ ಚೆರ್ರಿ ಬಾರ್ಬ್ ಅಥವಾ ಬ್ಲ್ಯಾಕ್ ರೂಬಿ ಬಾರ್ಬ್ ಇದ್ದರೆ, ಅದರ ತವರು ಶ್ರೀಲಂಕಾ. ಈಗ ಅಂಗಡಿಗೆ ಬರುವವು ಬಹುಪಾಲು ಸಾಕಣೆ ಕೇಂದ್ರಗಳಲ್ಲಿ ಮರಿಯಾದವು. ಮೂಲ ಸಂತತಿ ಬದುಕಿರುವುದು ಆ ದ್ವೀಪದ ನೈಋತ್ಯ ಭಾಗದಲ್ಲಿ, ಕೆಲನಿಯಿಂದ ನಿಲ್ವಲಾವರೆಗಿನ ನದಿಗಳನ್ನು ಸೇರುವ ಸಣ್ಣ ಹಳ್ಳಗಳಲ್ಲಿ. ಮರಗಳ ನೆರಳು, ತಣ್ಣನೆಯ ತಿಳಿನೀರು, ತಳದಲ್ಲಿ ಕೊಳೆಯುವ ಎಲೆ: ಅವಕ್ಕೆ ಬೇಕಾದದ್ದು ಇಷ್ಟೇ. ಇಷ್ಟೂ ಒಟ್ಟಿಗೆ ಸಿಗುವ ಜಾಗ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.

ಶ್ರೀಲಂಕಾದ ಸಿಹಿನೀರಿನಲ್ಲಿ ತೊಂಬತ್ತಕ್ಕೂ ಹೆಚ್ಚು ಜಾತಿಯ ಸ್ಥಳೀಯ ಮೀನುಗಳಿವೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜಗತ್ತಿನ ಬೇರೆಲ್ಲೂ ಇಲ್ಲ. ಕೆಲವಕ್ಕಂತೂ ಇಡೀ ದ್ವೀಪವೂ ಮನೆಯಲ್ಲ. ಅಶೋಕ ಬಾರ್ಬ್ ಕಿತುಲ್‌ಗಲದ ಆಸುಪಾಸಿನ ಕೆಲನಿ ನದಿಯ ಮೀನು. ಬಂದುಲ ಬಾರ್ಬ್‌ಗೆ ವಿಜ್ಞಾನಿಗಳು ಹೆಸರಿಟ್ಟದ್ದೇ 1991ರಲ್ಲಿ; ಅದು ಸಿಕ್ಕಿದ್ದು ಕೇಗಾಲೆ ಜಿಲ್ಲೆಯ ಗಲಪಿಟಮಡದ ಹತ್ತಿರದ ಒಂದೇ ಒಂದು ಹಳ್ಳದಲ್ಲಿ. ಅದು ಕಾಯ್ದಿಟ್ಟ ಕಾಡಿನ ಹಳ್ಳವೂ ಅಲ್ಲ, ಗದ್ದೆ ಮತ್ತು ರಬ್ಬರ್ ತೋಟಗಳ ನಡುವೆ ಹರಿಯುವಂಥದ್ದು. ದಂಡೆಯ ಗಿಡ ಸವರಿದರೆ, ಮೇಲಿನ ಗದ್ದೆಗೆ ಹೊಡೆದ ಔಷಧಿ ಇಳಿದು ಬಂದರೆ, ಒಂದು ಜಾತಿಯ ಕಥೆಯೇ ಮುಗಿಯಬಹುದು.

ಕಾಡು ಕಡಿಯುವುದು, ರತ್ನದ ಗಣಿ, ಹಳ್ಳಕ್ಕೆ ಅಡ್ಡ ಕಟ್ಟುವ ಕಿರು ವಿದ್ಯುತ್ ಘಟಕಗಳು ಇವೆಲ್ಲ ಆ ದೇಶದ ಸರ್ಕಾರ ಮತ್ತು ಜನ ಬಗೆಹರಿಸಬೇಕಾದ ವಿಷಯಗಳು. ಈ ಕರಪತ್ರ ಮಾತನಾಡುವುದು ಮೀನು ಸಾಕುವ ಯಾರದೇ ಕೈಯಲ್ಲಿರುವ ಒಂದು ಕೆಲಸದ ಬಗ್ಗೆ.

ಕೊಲಂಬೊ ಸುತ್ತಲಿನ ಕೆರೆ, ಜೌಗುಗಳಲ್ಲಿ ಇಂದು ಕ್ಲೌನ್ ನೈಫ್ ಫಿಶ್ ಎಂಬ ಚೂರಿಯಾಕಾರದ ಮೀನು ಬೇರೂರಿದೆ. ಅದು ಆಗ್ನೇಯ ಏಷ್ಯಾದ್ದು, ಅಲ್ಲಿಗೆ ಬಂದದ್ದು ಅಲಂಕಾರಕ್ಕೆಂದು. ಅಂಗಡಿಯಲ್ಲಿ ಬೆರಳುದ್ದ ಇರುವ ಈ ಮೀನು ಒಂದು ಮೀಟರ್‌ವರೆಗೂ ಬೆಳೆಯುತ್ತದೆ, ಜೊತೆಯ ಮೀನುಗಳನ್ನು ನುಂಗುತ್ತದೆ. ಸಾಕಿದವರಿಗೆ ಕೊಲ್ಲಲು ಮನಸ್ಸು ಬರುವುದಿಲ್ಲ, ಸಾಕಲು ಜಾಗವಿಲ್ಲ. ಬಕೆಟ್ ಹಿಡಿದು ಕೆರೆಗೆ ಹೋಗುತ್ತಾರೆ. 2025ರಲ್ಲಿ ಇದೇ ಬಗೆಯ ಇನ್ನೊಂದು ಸುದ್ದಿ ಬಂತು. ಕುರುನೇಗಲ ಜಿಲ್ಲೆಯ ದೆದುರು ಓಯ ಜಲಾಶಯದಲ್ಲಿ ದೈತ್ಯ ಹಾವುತಲೆ ಮೀನು, ಅಂದರೆ ನಮ್ಮಲ್ಲಿ ಮುರ್ರೆಲ್ ಎನ್ನುವ ಗುಂಪಿನ ಹೊರದೇಶದ ಜಾತಿ, ಹೆಚ್ಚಿ ಅಲ್ಲಿನ ಮೀನುಗಾರರ ಬಲೆಗೆ ಬೀಳುವ ಮಾಮೂಲಿ ಮೀನು ಕಡಿಮೆಯಾಯಿತು. ಅದೂ ಅಲಂಕಾರಿಕ ಮೀನಾಗಿ ಬಂದದ್ದಿರಬೇಕು ಎಂಬುದೇ ಎಲ್ಲರ ಅನುಮಾನ.

ಲಂಕೆಗೆ ತನ್ನದೇ ಹಾವುತಲೆ ಮೀನುಗಳಿವೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಅವುಗಳಲ್ಲೊಂದು ಗೇಣುದ್ದವೂ ಬೆಳೆಯದ ಪುಟ್ಟ ಜಾತಿ. ಹೆಣ್ಣು ಇಟ್ಟ ಮೊಟ್ಟೆಗಳನ್ನು ಗಂಡು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ಹತ್ತಾರು ಮರಿಗಳನ್ನು ಹೀಗೆ ಜೋಪಾನವಾಗಿ ಬೆಳೆಸುವ ಮೀನು, ಸಾವಿರಗಟ್ಟಲೆ ಮೊಟ್ಟೆಯಿಡುವ ದೈತ್ಯನೆದುರು ಎಷ್ಟು ದಿನ ನಿಂತೀತು?

"ಹೊರಗಿನ ಮೀನೆಲ್ಲ ಕೆಟ್ಟದ್ದೇ? ತಿಲಾಪಿಯ ಇಲ್ಲವೇ?" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ನಮ್ಮ ಸಂತೆಗಳಲ್ಲಿ ಜಿಲೇಬಿ ಎಂದು ಮಾರುವ ಆ ಆಫ್ರಿಕಾದ ಮೀನನ್ನು ಶ್ರೀಲಂಕಾಕ್ಕೆ ತಂದದ್ದು 1952ರಲ್ಲಿ. ಇಂದು ಆ ದೇಶದ ಒಳನಾಡಿನ ಮೀನುಗಾರಿಕೆ ನಿಂತಿರುವುದೇ ಅದರ ಮೇಲೆ. ಅದು ನಡೆಯುವ ಒಣಪ್ರದೇಶದ ಕೆರೆಗಳು ಹೆಚ್ಚಾಗಿ ಹಿಂದಿನ ರಾಜರು ಕಟ್ಟಿಸಿದವು; ಬಡವರ ತಟ್ಟೆಗೆ ಅಲ್ಲಿಂದ ಮೀನು ಬರುತ್ತಿದ್ದರೆ ನಮ್ಮ ತಕರಾರಿಲ್ಲ. ಅದೇ ತಿಲಾಪಿಯ ಕಾಡಿನ ಹಳ್ಳಕ್ಕೆ ಹತ್ತಿದರೆ ಮಾತು ಬೇರೆ. ಬ್ರಿಟಿಷ್ ತೋಟದ ಮಾಲೀಕರು ಗಾಳದ ಮೋಜಿಗಾಗಿ ಬೆಟ್ಟದ ತೊರೆಗಳಿಗೆ ಬಿಟ್ಟ ಟ್ರೌಟ್ ಮೀನಿಗೆ ಹಸಿವಿನ ನೆಪವೂ ಇರಲಿಲ್ಲ.

ಇದು ಸಮುದ್ರದಾಚೆಯ ಸುದ್ದಿ ಎಂದು ಸುಮ್ಮನಿರುವ ಹಾಗಿಲ್ಲ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ಸೇರಿಸಿಯೇ ವಿಜ್ಞಾನಿಗಳು ಒಂದು ಜೀವವೈವಿಧ್ಯ ತಾಣವೆಂದು ಎಣಿಸುತ್ತಾರೆ. ನಮ್ಮ ಕಾವೇರಿಯ ಡುಬ್ಬದ ಮಹಶೀರ್ ಇಂದು ಅಳಿವಿನ ಅಂಚಿನಲ್ಲಿದೆ. 2018ರಲ್ಲಿ ಅದನ್ನು ತೀವ್ರ ಅಪಾಯದ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟು, ಸಿಡಿಮದ್ದಿನ ಬೇಟೆಗಳ ಜೊತೆ ಅದಕ್ಕೆ ಹೇಳುವ ಮುಖ್ಯ ಕಾರಣ ಲೋಣಾವಳದಲ್ಲಿ ಮರಿ ಮಾಡಿಸಿ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್. ಬಿಟ್ಟವರ ಉದ್ದೇಶ ನದಿಯಲ್ಲಿ ಮೀನು ಹೆಚ್ಚಲಿ ಎಂಬುದೇ ಆಗಿತ್ತು. ಶೃಂಗೇರಿ, ಶಿಶಿಲಗಳಲ್ಲಿ ದೇವರ ಮೀನೆಂದು ಕೈಮುಗಿಯುವ ನಾಡು ನಮ್ಮದು. ಆದರೆ ಅಂಗಡಿಯಿಂದ ತಂದ ಮೀನನ್ನು ಹೊಳೆಗೆ ಬಿಟ್ಟರೆ ಪುಣ್ಯ ಬರುವುದಿಲ್ಲ.

ಸೊಳ್ಳೆ ತಡೆಯಲೆಂದು ಗಪ್ಪಿ ಮೀನು ಬಿಡುವವರಿಗೂ ಒಂದು ಮಾತು. ನೆತ್ತಿಯ ಮೇಲೆ ಬಿಳಿ ಚುಕ್ಕೆ ಹೊತ್ತು ನೀರಿನ ಮೇಲ್ಪದರದಲ್ಲೇ ಓಡಾಡುವ ಸಣ್ಣ ಮೀನು ಲಂಕೆಯಲ್ಲೂ ಇದೆ, ನಮ್ಮ ಕೆರೆ ಕಾಲುವೆಗಳಲ್ಲೂ ಇದೆ. ಸೊಳ್ಳೆ ಮರಿ ಅದಕ್ಕೆ ಇಷ್ಟದ ಆಹಾರ. ಹೊರಗಿನದನ್ನು ತರುವ ಮೊದಲು ಇದ್ದದ್ದನ್ನು ಉಳಿಸಿಕೊಳ್ಳಿ.

ಆದ್ದರಿಂದ, ಕೊಳ್ಳುವ ಮೊದಲು ಮೀನು ಎಷ್ಟು ದೊಡ್ಡದಾಗುತ್ತದೆ ಎಂದು ಅಂಗಡಿಯವರನ್ನು ಕೇಳಿ. ಉತ್ತರ ಗೊತ್ತಿಲ್ಲದ ಅಂಗಡಿಯಲ್ಲಿ ಕೊಳ್ಳಲೇಬೇಡಿ. ಸಾಕಲಾಗದಿದ್ದರೆ ಅಂಗಡಿಗೇ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿಯಿರುವವರಿಗೆ ಕೊಡಿ. ತೊಟ್ಟಿ ತೊಳೆದ ನೀರನ್ನು ಚರಂಡಿಗೆ ಚೆಲ್ಲಬೇಡಿ, ಗಿಡದ ಬುಡಕ್ಕೆ ಹಾಕಿ. ಅದರಲ್ಲಿ ಮೊಟ್ಟೆ, ಬಸವನಹುಳು, ರೋಗಾಣು ಏನಾದರೂ ಇರಬಹುದು. ಓದಿದ ಮೇಲೆ ಈ ಹಾಳೆಯನ್ನು ನಿಮ್ಮೂರಿನ ಅಕ್ವೇರಿಯಂ ಅಂಗಡಿಯ ಗೋಡೆಗೆ ಅಂಟಿಸಲು ಕೊಡಿ.