ಪಾದಚಾರಿಗೆ ಬಲಬದಿಯೇ ಕ್ಷೇಮ

ನಮ್ಮ ಶಾಲೆಯು ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವ ಈ ಶುಭ ಸಂದರ್ಭದಲ್ಲಿ ಗುರುಗಳು ಕಲಿಸಿದ ಪಾಠಗಳನ್ನು ಕೃತಜ್ಞತೆಯಿಂದ ನೆನೆಯುವುದು ಹಳೆಯ ವಿದ್ಯಾರ್ಥಿಗಳಾದ ನಮ್ಮೆಲ್ಲರ ಧರ್ಮ. ಆದರೆ ಅವುಗಳಲ್ಲಿ ಒಂದನ್ನು ಈಗ ತಿದ್ದಿಕೊಳ್ಳಬೇಕಾಗಿದೆ ಎಂದು ವಿನಯಪೂರ್ವಕವಾಗಿ ಹೇಳಬಯಸುತ್ತೇನೆ. ಅದು, "ಯಾವಾಗಲೂ ರಸ್ತೆಯ ಎಡಬದಿಯಲ್ಲಿ ನಡೆಯಿರಿ" ಎಂಬ ಪಾಠ.

ರಾಜರ್ಷಿ ಶಾಹೂ ಮಹಾರಾಜರು ತಮ್ಮ ತಂದೆ ಜಯಸಿಂಗರಾವ ಘಾಟಗೆಯವರ ಹೆಸರಿನಲ್ಲಿ ಸ್ಥಾಪಿಸಿದ ಈ ಪಟ್ಟಣದಲ್ಲಿ, ಎತ್ತಿನ ಬಂಡಿ ಮತ್ತು ಸೈಕಲ್ಲುಗಳ ಕಾಲಕ್ಕೆ ಆ ಪಾಠ ಸಾಕಾಗಿತ್ತು. ಇಂದಿನ ಸ್ಥಿತಿ ಬೇರೆ. ಕಬ್ಬಿನ ಹಂಗಾಮು ಆರಂಭವಾಯಿತೆಂದರೆ ಸಾಂಗಲಿ–ಕೊಲ್ಹಾಪುರ ರಸ್ತೆಯಲ್ಲಿಯೂ ಶಿರೋಳದ ದಾರಿಯಲ್ಲಿಯೂ ಎರಡೆರಡು ಟ್ರೇಲರುಗಳನ್ನು ಎಳೆಯುವ ಟ್ರ್ಯಾಕ್ಟರುಗಳು ಹಗಲಿರುಳೆನ್ನದೆ ಸಾಗುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಮುಸ್ಸಂಜೆ, ಕಲಿತ ಪಾಠದಂತೆ ಎಡಬದಿಯಲ್ಲಿ ಮೊಮ್ಮಗನ ಕೈಹಿಡಿದು ಬರುತ್ತಿದ್ದೆ. ಹಿಂದಿನಿಂದ ಟ್ರ್ಯಾಕ್ಟರಿನ ಸದ್ದು ಕೇಳಿ ಪಕ್ಕಕ್ಕೆ ಸರಿದೆವು. ಅದು ದಾಟಿಹೋಯಿತೆಂದು ಭಾವಿಸಿ ಹೆಜ್ಜೆಯಿಟ್ಟೊಡನೆ ಎರಡನೆಯ ಟ್ರೇಲರಿನಿಂದ ಹೊರಚಾಚಿದ್ದ ಕಬ್ಬು ನನ್ನ ಭುಜಕ್ಕೆ ಬಡಿದು ಚರಂಡಿಗೆ ಬಿದ್ದೆ. ಬಾಲಕನ ತಲೆಯ ಮೇಲಿಂದ ಅದು ಹಾದುಹೋಯಿತು. ಅವನು ಇನ್ನೊಂದು ಗೇಣು ಎತ್ತರವಿದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನು ಇಂದಿಗೂ ಯೋಚಿಸಲಾರೆ.

ಕಾರಣ ಸರಳವಾಗಿದೆ. ನಮ್ಮಲ್ಲಿ ವಾಹನಗಳು ಎಡಕ್ಕೆ ಚಲಿಸುತ್ತವೆ. ನಾವೂ ಎಡಕ್ಕೆ ನಡೆದರೆ ನಮಗೆ ಅತಿ ಸಮೀಪದ ವಾಹನ ಬೆನ್ನ ಹಿಂದಿನಿಂದ ಬರುತ್ತದೆ. ಬಲಬದಿಯಲ್ಲಿ ನಡೆದರೆ ಅದು ಕಣ್ಣೆದುರಿಗೆ ಬರುತ್ತದೆ, ಸರಿದುಕೊಳ್ಳಲು ಅವಕಾಶವಿರುತ್ತದೆ. ನಮ್ಮಂತೆಯೇ ಎಡಬದಿಯ ಸಂಚಾರವಿರುವ ಬ್ರಿಟನ್ನಿನ 'ಹೈವೇ ಕೋಡ್' ಕೂಡ, ಪಾದಚಾರಿ ಮಾರ್ಗವಿಲ್ಲದ ಕಡೆ ಬಲಬದಿಯಲ್ಲಿ, ಎದುರಿನ ವಾಹನಗಳಿಗೆ ಮುಖಮಾಡಿ, ಸಾಧ್ಯವಾದರೆ ಒಬ್ಬರ ಹಿಂದೊಬ್ಬರಾಗಿ ನಡೆಯಬೇಕೆಂದು ಹೇಳುತ್ತದೆ. ಬಲಕ್ಕೆ ತೀವ್ರ ತಿರುವಿದ್ದಲ್ಲಿ ಮಾತ್ರ ಚಾಲಕನಿಗೆ ಕಾಣಿಸುವಂತೆ ಮುಂಚಿತವಾಗಿ ಇನ್ನೊಂದು ಬದಿಗೆ ದಾಟಿಕೊಳ್ಳುವುದು ಲೇಸು. ಕತ್ತಲಲ್ಲಿ ಬಿಳಿಯ ಬಟ್ಟೆ ಮತ್ತು ಕೈಯಲ್ಲೊಂದು ಬ್ಯಾಟರಿ ಇರಲಿ.

ಹೀಗೆಂದ ಮಾತ್ರಕ್ಕೆ ಹೊಣೆಯೆಲ್ಲ ನಡೆಯುವವನದೇ ಎಂದಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. 2025ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಾದಚಾರಿ ಮಾರ್ಗವನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಎತ್ತಿಹಿಡಿದಿದೆ. ಪಾದಚಾರಿ ಮಾರ್ಗವನ್ನು ಕಟ್ಟಿ ತೆರವಾಗಿಡುವುದು ಆಡಳಿತದ ಕರ್ತವ್ಯ. ಟ್ರೇಲರಿನ ಹಿಂದೆ ಕೆಂಪು ದೀಪ ಮತ್ತು ಪ್ರತಿಫಲಕ ಹಾಕಿ, ಕಬ್ಬು ಹೊರಚಾಚದಂತೆ ಬಿಗಿದು ಕಟ್ಟುವುದು ಮಾಲೀಕನ ಕರ್ತವ್ಯ. ನಮ್ಮಲ್ಲಿ ಅನೇಕರು ಕಬ್ಬು ಬೆಳೆಯುವ ಮನೆತನದವರೇ ಆದುದರಿಂದ ಈ ಮಾತು ನಮಗೂ ಅನ್ವಯಿಸುತ್ತದೆ.

ಆದರೆ ಅವೆಲ್ಲ ಆಗುವವರೆಗೂ ಮಕ್ಕಳು ನಾಳೆ ಬೆಳಿಗ್ಗೆ ಇದೇ ರಸ್ತೆಯಲ್ಲಿ ಶಾಲೆಗೆ ಬರಬೇಕು. ಆದ್ದರಿಂದ ನಮ್ಮ ಶಾಲೆಯ ಪ್ರಾರ್ಥನಾ ಸಭೆಯಲ್ಲಿ ಈ ಹೊಸ ಪಾಠವನ್ನು ಹೇಳಿಕೊಡಬೇಕೆಂದು ಶಿಕ್ಷಕ ಬಂಧುಗಳಲ್ಲಿ ಪ್ರಾರ್ಥಿಸುತ್ತೇನೆ: ವಾಹನಕ್ಕೆ ಎಡಬದಿ, ಪಾದಚಾರಿ ಮಾರ್ಗವಿಲ್ಲದಲ್ಲಿ ನಡೆಯುವವರಿಗೆ ಬಲಬದಿ. ಹಳೆಯದನ್ನು ತಿದ್ದಿಕೊಂಡರೆ ನಮ್ಮ ಗುರುಗಳು ಬೇಸರಪಡಲಾರರು. ನಾವು ಸುರಕ್ಷಿತವಾಗಿ ಮನೆ ಸೇರಲೆಂದೇ ಅವರು ಅದನ್ನು ಕಲಿಸಿದ್ದರು.